ಕಾಲಿದ್ದ ಈರುಳ್ಳಿ

ಈರುಳ್ಳಿ ಬಜ್ಜಿಯನ್ನು ಎರಡು ಹೋಳು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಪದರಗಳನ್ನು ಎಣಿಸಿ, ಆಮೇಲೆ ಬಾಯಿಗೆ ಹಾಕಿಕೊಳ್ಳುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಅಂಥವರೊಬ್ಬರ ಜೊತೆ ಸಂಸಾರ ಮಾಡುತ್ತಿದ್ದೇನೆ. ಮೊನ್ನೆ ಇಲ್ಲೇ ನೈರೋಬಿಯ ಪಂಗಾನಿಯಲ್ಲಿ ಪರಿಚಯದವರ ಮನೆಯ ನಾಮಕರಣಕ್ಕೆ ಹೋದಾಗಲೂ ಇದೇ ಆಯಿತು. ಆ ಮನೆಯ ಸೊಸೆ, ಪಾಪ, ಬಜ್ಜಿಯಲ್ಲಿ ಕೂದಲೇನಾದರೂ ಸಿಕ್ಕಿತೋ ಎಂದು ಮುಖ ಸಣ್ಣ ಮಾಡಿಕೊಂಡಳು. "ಏನಿಲ್ಲಮ್ಮ, ಅವರಿಗೆ ಅದೊಂದು ಅಭ್ಯಾಸ" ಎಂದು ಸಮಾಧಾನ ಹೇಳಿದೆ. ಅಭ್ಯಾಸ ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ನಮ್ಮ ಅತ್ತೆಯವರು ಬದುಕಿದ್ದಷ್ಟು ದಿನ ಈ ಕಥೆ ಮನೆಯ ಹೊಸಿಲು ದಾಟಬಾರದೆಂದು ಅಪ್ಪಣೆಯಾಗಿತ್ತು. ಈಗ ಅವರಿಲ್ಲ. ನೀವೇನೂ ಹೊರಗಿನವರಲ್ಲ, ಹತ್ತಿರ ಬನ್ನಿ, ಹೇಳುತ್ತೇನೆ.

ಮೊದಲು ನಮ್ಮ ಮನೆಯವರ ಪರಿಚಯ ಮಾಡಿಕೊಡಬೇಕು. ನೈರೋಬಿಯ ಕನ್ನಡದವರೆಲ್ಲ ಅವರನ್ನು ರಾಯರು ಎನ್ನುತ್ತಾರೆ. ಕೇಳಿ ಕೇಳಿ ನಾನೂ ಬೇರೆಯವರ ಮುಂದೆ ಹಾಗೇ ಅನ್ನುತ್ತೇನೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರು ಮಣ್ಣಿನ ಮೇಷ್ಟ್ರು. ಯಾವ ವಿಷಯ ಬಂದರೂ ವಿವರಣೆ ಕೆಳಗಿನ ಮಣ್ಣಿನಿಂದಲೇ ಶುರು. ನನ್ನ ಸಾರು ಒಂದು ದಿನ ಕೆಟ್ಟರೆ ತೊಗರಿ ಬೆಳೆದ ನೆಲದಲ್ಲಿ ಸುಣ್ಣದ ಅಂಶ ಎಷ್ಟಿತ್ತು ಎಂದು ಯೋಚಿಸುತ್ತಾರೆಯೇ ಹೊರತು ನನ್ನನ್ನು ಬೈಯುವುದಿಲ್ಲ. ಈ ಒಂದು ಗುಣಕ್ಕಾಗಿ ನಾನು ಅವರ ಎಷ್ಟೋ ಉಪನ್ಯಾಸಗಳನ್ನು ಸಹಿಸಿದ್ದೇನೆ.

ಇನ್ನೊಂದು ಗುಣ, ಸಸ್ಯಾಹಾರ. ಅದರ ಹಿಂದೆ ಒಂದು ಭಾಷೆಯಿದೆ. ಎಪ್ಪತ್ತರ ದಶಕದಲ್ಲಿ ಅವರಿಗೆ ಕೀನ್ಯಾದ ಕೆಲಸದ ಕಾಗದ ಬಂದಾಗ, ಮೈಸೂರಿನ ಮನೆಯಲ್ಲಿ ಅತ್ತೆ ದೇವರ ದೀಪದ ಮುಂದೆ ಮಗನ ಅಂಗೈಯನ್ನು ತಮ್ಮ ಅಂಗೈ ಮೇಲೆ ಇಡಿಸಿಕೊಂಡು, ಮಾಂಸ ಮೀನು ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡರಂತೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಮನೆಗೇ ಬಂದರು. ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ರಾಯರು ಕಿಸುಮುವಿಗೋ ಅರೂಷಾಕ್ಕೋ ಮಣ್ಣು ಅಗೆಯಲು ಹೋಗಿ ವಾಪಸ್ಸು ಬಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದರು: "ಏನೂ ತಿಂದಿಲ್ಲ ತಾನೆ?" ರಾಯರು "ಇಲ್ಲಮ್ಮ" ಎನ್ನುತ್ತಿದ್ದರು. ಆಮೇಲೇ ಒಳಗೆ ಪ್ರವೇಶ. ಕಿಸುಮು ಅಂದರೆ ಸರೋವರದ ಊರು, ಮೂರು ಹೊತ್ತೂ ಮೀನು. ಅಲ್ಲಿ ಒಂದು ವಾರ ಬರೀ ಬಾಳೆಹಣ್ಣು, ಬ್ರೆಡ್ಡಿನಲ್ಲಿ ಕಳೆದು, ಪ್ಯಾಂಟು ಸೊಂಟದಲ್ಲಿ ನಿಲ್ಲದ ಸ್ಥಿತಿಯಲ್ಲಿ ಬಂದು "ಇಲ್ಲಮ್ಮ" ಎನ್ನುವಾಗ ಅವರ ಮುಖದಲ್ಲಿದ್ದ ಗತ್ತನ್ನು ನೀವು ನೋಡಬೇಕಿತ್ತು. ತಾಯಿಯ ಹತ್ತಿರ ಅವರು ಒಂದು ದಿನವೂ ಸುಳ್ಳು ಹೇಳಿದವರಲ್ಲ. ಹೇಳಲು ಹೊರಟರೆ ಕಿವಿ ಕೆಂಪಾಗುತ್ತದೆ.

ಊರಿನ ಇನ್ನೊಂದು ಬಡಾವಣೆ ಕಿಲೆಲೆಶ್ವಾದ ಫೆಲಿಕ್ಸ್ ನಮ್ಮ ಆಪ್ತ ಸ್ನೇಹಿತರು. ಮಂಗಳೂರಿನ ಕಡೆಯವರು, ಮನೆಯಲ್ಲಿ ಕೊಂಕಣಿ, ಔಷಧದ ಅಂಗಡಿ. ಅವರ ಮನೆಯ ಹಿತ್ತಿಲಲ್ಲಿ ಭಾನುವಾರ ಕೆಂಡದ ಮೇಲೆ ಮಾಂಸ ಸುಡುತ್ತಿದ್ದರೆ ರಾಯರು ಗಾಳಿ ಬೀಸುವ ದಿಕ್ಕು ನೋಡಿ ಕುರ್ಚಿ ಹಾಕಿಕೊಳ್ಳುತ್ತಿದ್ದರು. "ರಾಯ್ರೆ, ನಿಮಗೆ ಇವತ್ತು ಎಂತ ಸೊಪ್ಪು ತರಿಸುದು ಮಾರಾಯ್ರೆ?" ಎಂದು ಫೆಲಿಕ್ಸ್ ರೇಗಿಸುವುದು, ರಾಯರು ಮನುಷ್ಯನ ಕರುಳಿನ ಉದ್ದದ ಬಗ್ಗೆ ಭಾಷಣ ಶುರು ಮಾಡುವುದು, ಹೆಂಗಸರು ನಾವು ತಟ್ಟೆ ಹಿಡಿದು ಬೇರೆ ಮೂಲೆಗೆ ಸರಿಯುವುದು, ಇದು ವಾಡಿಕೆ.

ಈ ಫೆಲಿಕ್ಸ್ ಅವರಿಂದಲೇ ನಮಗೆ ಇಟಲಿಯ ಯೋಗ ಬಂದದ್ದು. ಎಂಬತ್ತರ ದಶಕದ ಕೊನೆಯ ಒಂದು ಆಗಸ್ಟ್. ರೋಮಿನಲ್ಲಿ ಮಣ್ಣಿನವರ ಸಮ್ಮೇಳನವಿತ್ತು, ರಾಯರಿಗೆ ಕರೆ ಬಂತು. ನಾನು ಮಕ್ಕಳಿಗೆ ಲೆಕ್ಕ ಕಲಿಸುವ ಶಾಲೆಗೂ ರಜೆ. "ಅಷ್ಟು ದೂರ ಹೋಗಿ ಬರೀ ಮಣ್ಣು ನೋಡಿ ಬರುದಾ? ಹೆಂಡತಿ ಮಕ್ಕಳನ್ನು ಕರ್ಕೊಂಡು ಹೋಗಿ" ಎಂದ ಫೆಲಿಕ್ಸ್, ತಮ್ಮ ಅಕ್ಕನಿಗೆ ಕಾಗದ ಬರೆದರು. ಅಕ್ಕ ಸಿಸ್ಟರ್ ಐರಿನ್ ರೋಮಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಒಂದು ಸಮುದ್ರದ ಊರಿನಲ್ಲಿ ಕಾನ್ವೆಂಟಿನ ಅತಿಥಿಗೃಹ ನೋಡಿಕೊಳ್ಳುತ್ತಿದ್ದರು. ಊರಿನ ಹೆಸರು ಹೇಳುವುದಿಲ್ಲ. ರಾಯರಿಗೆ ಇನ್ನೊಮ್ಮೆ ಅಲ್ಲಿ ಮುಖ ತೋರಿಸುವ ಆಸೆಯಿದೆ.

ಅತ್ತೆ ಬರಲಿಲ್ಲ. ಒಮ್ಮೆ ಸಮುದ್ರ ದಾಟಿದ್ದೇ ಸಾಕು, ಮತ್ತೆ ಮತ್ತೆ ದಾಟಲು ತಾನೇನು ಹಡಗೇ ಎಂದರು. ಮನೆಗೆಲಸದ ವಾಂಬುಯಿ ಅವರ ಜೊತೆಗೆ ಇರುವುದೆಂದಾಯಿತು. ಅವರಿಬ್ಬರೂ ಕನ್ನಡ, ಸ್ವಾಹಿಲಿ ಬೆರೆಸಿ ಯಾವುದೋ ಮೂರನೆಯ ಭಾಷೆಯಲ್ಲಿ ಇಡೀ ಸೌತ್ ಸಿಯ ಸುದ್ದಿ ಹಂಚಿಕೊಳ್ಳುತ್ತಿದ್ದರು, ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವಲಕ್ಕಿ, ಹುಳಿಪುಡಿ, ಹುರಿಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ ಕಟ್ಟಿಕೊಟ್ಟು, ಹೊರಡುವಾಗ ಮಗನ ತಲೆ ಸವರಿ ಅತ್ತೆ ಹೇಳಿದ್ದು ಒಂದೇ ಮಾತು: "ಸಮುದ್ರದ ಊರು ಕಣೋ ಸೀನು. ಹುಷಾರು." ಅಂಥ ಮಾತು ಯಾರೂ ಸುಮ್ಮನೆ ಆಡುವುದಿಲ್ಲ ಎಂದು ಈಗ ಅನ್ನಿಸುತ್ತದೆ.

ನೈರೋಬಿಯ ಆಗಸ್ಟ್ ಚಳಿಗೆ ಸ್ವೆಟರು, ಉಣ್ಣೆಯ ಟೋಪಿ ಹಾಕಿಸಿಕೊಂಡಿದ್ದ ಮಕ್ಕಳು ಇಟಲಿಯ ಬಿಸಿಲಿಗೆ ಇಳಿದಾಗ ಸುಲಿದ ಬಟಾಣಿ ಕಾಳುಗಳಾದರು. ಅಂಜುಗೆ ಏಳು, ಚಿನ್ನುಗೆ ನಾಲ್ಕು. ನಾವು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಆದರೆ ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದವರಿಗೆ ಚಕ್ಕುಲಿ ಕೊಡುತ್ತಿರಲಿಲ್ಲವಾದ್ದರಿಂದ, ಅಜ್ಜಿಯ ಹತ್ತಿರ ಮಾತ್ರ ಇಬ್ಬರ ಕನ್ನಡವೂ ಚೊಕ್ಕವಾಗಿತ್ತು.

ಸಮ್ಮೇಳನ ಮುಗಿಸಿಕೊಂಡು ರೈಲಿಳಿದಾಗ ಸಿಸ್ಟರ್ ಐರಿನ್ ನಿಲ್ದಾಣಕ್ಕೇ ಬಂದಿದ್ದರು. "ಬನ್ನಿ, ಬನ್ನಿ. ಕನ್ನಡ ಕೇಳದೆ ಎರಡು ವರ್ಷ ಆಯ್ತು ಮಾರಾಯ್ರೆ, ನೀವು ಬೇಕಾದ್ರೆ ಬೈಯಿರಿ, ಆದ್ರೆ ಕನ್ನಡದಲ್ಲಿ ಬೈಯಿರಿ" ಎಂದು ಚಿನ್ನುವನ್ನು ಎತ್ತಿಕೊಂಡರು. ಹನ್ನೆರಡು ದಿನ. ಎಂಥ ಹನ್ನೆರಡು ದಿನ! ನೈರೋಬಿಯಲ್ಲಿ ಬಾಗಿಲಿಗೆ ಬೀಗ, ಬೀಗದ ಮೇಲೆ ಜಾಲರಿ ಬಾಗಿಲು, ಅದಕ್ಕೊಂದು ಬೀಗ ಎಂದು ಬದುಕಿದ ನಮಗೆ ಕೋಣೆಯ ಬಾಗಿಲಿಗೆ ಚಿಲಕ ಹಾಕುವುದೂ ಮರೆತುಹೋಯಿತು. ಮರಳಿನ ಮೇಲೆ ಸಾಲುಸಾಲು ಕೊಡೆ, ಕೊಡೆಯ ಕೆಳಗೆ ಅಜ್ಜಿಯರು, ಅಜ್ಜಿಯರ ಕೈಯಲ್ಲಿ ಪೀಚ್ ಹಣ್ಣು. ಆ ಅಜ್ಜಿಯರಿಗೆಲ್ಲ ಚಿನ್ನು ಸ್ವಾಹಿಲಿಯಲ್ಲಿ "ಜಾಂಬೋ" ಎಂದು ಕೈಬೀಸುತ್ತಿದ್ದ. ಇಂಡಿಯಾದವರು ನಮಸ್ಕಾರಕ್ಕೆ ಹೀಗೆನ್ನುತ್ತಾರೆ ಎಂದುಕೊಂಡು ಅವರೆಲ್ಲ ನನಗೂ ಕೈಮುಗಿದು ಜಾಂಬೋ ಅನ್ನತೊಡಗಿದರು. ನಾನು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಅಲೆಗೆ ಕಾಲು ಕೊಟ್ಟು ನಿಲ್ಲುತ್ತಿದ್ದೆ. ರಾಯರು ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ಸಮುದ್ರಕ್ಕಿಳಿದು ಮೊಣಕಾಲಿನ ಆಳಕ್ಕೇ ಗಂಗೇಚ ಯಮುನೇ ಶುರು ಮಾಡುತ್ತಿದ್ದರು.

ಊಟದ ಮೇಜಿನಲ್ಲಿ ಮಾತ್ರ ನಮ್ಮದು ನ್ಯಾಯಾಲಯ. ಪಾತ್ರೆ ಬಂದ ಕೂಡಲೇ ರಾಯರು ಕೈ ಎತ್ತುವರು. ಇದರಲ್ಲಿ ಏನಿದೆ? ಸೂಪಿನ ನೀರು ಬರೀ ನೀರೋ, ಏನನ್ನಾದರೂ ಬೇಯಿಸಿದ ನೀರೋ? ಟೊಮೆಟೊ ಹೆಚ್ಚಿದ ಚಾಕು ಬೇರೆ ತಾನೆ? ಸಿಸ್ಟರ್ ಅದನ್ನೆಲ್ಲ ಇಟಾಲಿಯನ್ನಿಗೆ ತಿರುಗಿಸಿ ಅಡಿಗೆಯಾಕೆಗೆ ಕೂಗಬೇಕು, ಆಕೆ ಒಳಗಿಂದ ಇನ್ನೂ ಜೋರಾಗಿ ಕೂಗಬೇಕು. ಮೂರನೆಯ ದಿನಕ್ಕೆ ಆಕೆ ರಾಯರನ್ನು ಕಂಡರೆ ಸೌಟು ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಶರಣಾಗುತ್ತಿದ್ದಳು. ಇಷ್ಟು ಪರಿಶೀಲನೆ ಮಾಡುವ ಮನುಷ್ಯ ಕೇಳದೆ ಬಿಟ್ಟದ್ದು ಒಂದೇ ಒಂದು ತಿಂಡಿಯ ವಿಚಾರ.

ಅದು ಎರಡನೆಯ ದಿನದ ಸಂಜೆ. ನೀರಾಟ ಮುಗಿದು ಮಕ್ಕಳು ಹಸಿವು ಹಸಿವು ಎಂದು ಕುಣಿಯುತ್ತಿದ್ದವು. ಮರಳು ಮುಗಿಯುವ ಕಡೆ ಒಂದು ಗೂಡಂಗಡಿ. ಬಾಣಲೆಯಲ್ಲಿ ಎಣ್ಣೆ ಚುರುಗುಡುತ್ತಿತ್ತು. ದಪ್ಪ ಮೀಸೆಯವನೊಬ್ಬ ಹೊಂಬಣ್ಣದ ಉಂಗುರಗಳನ್ನು ಜಾಲರಿಯಲ್ಲಿ ಎತ್ತಿ, ಕಾಗದದ ಪೊಟ್ಟಣಕ್ಕೆ ಸುರಿದು, ಮೇಲೆ ಉಪ್ಪು ಉದುರಿಸಿ, ಅರ್ಧ ನಿಂಬೆಹಣ್ಣು ಸಿಕ್ಕಿಸಿ ಕೊಡುತ್ತಿದ್ದ. ನಮ್ಮ ನಾಲ್ಕು ಜನರ ಮೂಗೂ ಒಟ್ಟಿಗೆ ಆ ಕಡೆ ತಿರುಗಿತು.

"ಈರುಳ್ಳಿ ಬಜ್ಜಿ!" ಎಂದರು ರಾಯರು, ಪರದೇಶದಲ್ಲಿ ಸೋದರಮಾವನನ್ನು ಕಂಡವರ ದನಿಯಲ್ಲಿ.

ಅಂಗಡಿಯ ಹಲಗೆಯ ಮೇಲೆ ನನ್ನ ತೋಳಿನುದ್ದದ ನೀಲಿ ಮೀನೊಂದನ್ನು ಬರೆದಿತ್ತು. ನಾನು ಅದನ್ನು ತೋರಿಸಿದೆ. ಸುಳ್ಳು ಹೇಳಬಾರದು, ತೋರಿಸಿದೆ.

"ಸಮುದ್ರದ ಊರು ಸುಮಾ, ಎಲ್ಲದರ ಮೇಲೂ ಮೀನು ಬರೀತಾರೆ" ಎಂದರು. "ಆ ಟವೆಲ್ ಅಂಗಡಿ ನೋಡು, ಅಲ್ಲೂ ಮೀನಿದೆ. ಟವೆಲ್ಲು ಮೀನಿಂದ ಮಾಡ್ತಾರಾ?"

ತರ್ಕಕ್ಕೆ ನಾನು ತಲೆಬಾಗಿದೆ. ತಿಂದೆವು. ಮೊದಲನೆಯ ಪೊಟ್ಟಣ ಯಾರು ಮುಗಿಸಿದರೆಂದು ತಿಳಿಯುವ ಮೊದಲೇ ಎರಡನೆಯದು ಬಂತು. ಹೊರಗೆ ಗರಿಗರಿ, ಒಳಗೆ ಸ್ವಲ್ಪ ಎಳೆತ. "ಈರುಳ್ಳಿ ಇಷ್ಟು ಗಟ್ಟಿ ಯಾಕೆ?" ಎಂದೆ. ನಾನು ಕೇಳಿದ್ದೇ ತಪ್ಪಾಯಿತು. ಇದು ಜ್ವಾಲಾಮುಖಿಯ ಬೂದಿ ಬಿದ್ದ ನೆಲ, ಮಣ್ಣಿನಲ್ಲಿ ಗಂಧಕ ಹೆಚ್ಚು, ಅದರಿಂದ ಈರುಳ್ಳಿಗೆ ಈ ಬಿಗಿ, ನೋಡು ಒಂದೇ ಪದರ, ಕಣ್ಣುರಿ ಇಲ್ಲ, ವಾಸನೆ ಇಲ್ಲ, ಇಂಥ ತಳಿ ನಮ್ಮ ನೈವಾಶಾದಲ್ಲಿ ಯಾಕೆ ಬರಬಾರದು, ಅಲ್ಲಿಯದೂ ಜ್ವಾಲಾಮುಖಿಯ ಮಣ್ಣೇ ಅಲ್ಲವೇ. ಮಾತು ಮುಗಿಯುವ ಹೊತ್ತಿಗೆ ಮೂರನೆಯ ಪೊಟ್ಟಣ ಖಾಲಿಯಾಗಿತ್ತು. ಮೀನಿನ ರುಚಿ ತಿಳಿಯಲಿಲ್ಲವೇ ಎಂದು ನೀವು ಕೇಳುತ್ತೀರಿ. ಒಮ್ಮೆಯಾದರೂ ತಿಂದವರಿಗಲ್ಲವೇ ಆ ರುಚಿಯ ಗುರುತು ಸಿಗುವುದು?

ಇಲ್ಲಿ ನನ್ನ ತವರಿನ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ನಮ್ಮಪ್ಪ ತಿಂಗಳಿಗೊಮ್ಮೆ ಬೇಕರಿಯಿಂದ ಕೇಕು ತರುತ್ತಿದ್ದರು. ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟು ಇಟ್ಟು, ಹಿಂದಿನ ಬಾಗಿಲಿನಿಂದ ಬರುತ್ತಿದ್ದರು. ಮೇಲೆ ಕೆಂಪು ಜಾಮ್, ಅದರ ಮೇಲೆ ಕೊಬ್ಬರಿ ತುರಿ. ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೇಳುತ್ತಿತ್ತು. ಒಂದು ಸಲ ನಾನು ಇದರಲ್ಲಿ ಮೊಟ್ಟೆ ಇರುತ್ತದಂತೆ, ಹೌದಾ ಎಂದು ಕೇಳಿಬಿಟ್ಟೆ. ಬಾಯಿಯ ಹತ್ತಿರ ಹೋಗಿದ್ದ ನಮ್ಮಜ್ಜಿಯ ಕೈ ನಿಂತಿತು. ಅಜ್ಜಿ ಆ ತುಂಡನ್ನು ಕೆಳಗಿಟ್ಟರು, ಮತ್ತೆಂದೂ ಮುಟ್ಟಲಿಲ್ಲ. ಅಷ್ಟು ವರ್ಷ ತಿಂದವರೇ! ಆಮೇಲೆ ನಮ್ಮಮ್ಮ ನನ್ನ ಕಿವಿ ಹಿಂಡಿ ಕಲಿಸಿದ ಪಾಠ ಇದು: ಗೊತ್ತಿಲ್ಲದೆ ತಿಂದದ್ದು ಹೊಟ್ಟೆಗೆ, ಗೊತ್ತಿದ್ದು ತಿಂದದ್ದು ತಲೆಗೆ. ಕೇಳಿ ಪಾಪ ಕಟ್ಟಿಸಬಾರದು. ಒಬ್ಬ ಮುದುಕಿಯ ತಿಂಗಳಿಗೊಂದು ಸುಖವನ್ನು ಹಾಳು ಮಾಡಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ನಾಲ್ಕನೆಯ ಸಂಜೆ. ರಾಯರು ಅಲೆಯ ಅಂಚಿನಲ್ಲಿ ನಿಂತು ಚಿನ್ನುವಿಗೆ ಮರಳು ಹೇಗಾಗುತ್ತದೆಂದು ವಿವರಿಸುತ್ತಿದ್ದರು. ಅಂಜು ಪೊಟ್ಟಣ ಹಿಡಿದು ನನ್ನ ಹತ್ತಿರ ಬಂದಳು. ಬಹಳ ಶಾಂತವಾಗಿ ಹೇಳಿದಳು.

"ಅಮ್ಮಾ, ಮೈ ಆನಿಯನ್ ಹ್ಯಾಸ್ ಲೆಗ್ಸ್."

ನೋಡಿದೆ. ಇತ್ತು. ಒಂದಲ್ಲ, ಎರಡಲ್ಲ, ಹತ್ತು. ಗರಿಗರಿಯಾಗಿ ಕರಿದ ಸಣ್ಣ ಸಣ್ಣ ಕಾಲು, ಒಂದೊಂದು ಕಾಲಿಗೂ ಗುಂಡಿ ಗುಂಡಿ. ಶಾಲೆಯ ಗ್ರಂಥಾಲಯದ ಸಮುದ್ರಜೀವಿಗಳ ಪುಸ್ತಕದಲ್ಲಿ ನಾನು ಇದನ್ನು ಕಂಡಿದ್ದೆ. ಅಲ್ಲಿ ಅದಕ್ಕೆ ಸ್ಕ್ವಿಡ್ ಎಂಬ ಹೆಸರೂ, ದೊಡ್ಡ ದೊಡ್ಡ ಎರಡು ಕಣ್ಣೂ ಇದ್ದವು. ಉದ್ದನೆಯ ಕೊಳವೆಯಂಥ ಮೈ. ಅಡ್ಡಡ್ಡ ಕತ್ತರಿಸಿದರೆ ಏನಾಗುತ್ತದೆ ಎಂದು ಲೆಕ್ಕದ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ. ಅದಕ್ಕೇ ಹೆಚ್ಚು ಗಾಬರಿಯಾಯಿತು. ಕಣ್ಣಮುಂದೆ ಬಂದದ್ದು ಸೌತ್ ಸಿಯ ಬಾಗಿಲು, ಬಾಗಿಲಿಗೆ ಅಡ್ಡ ಅತ್ತೆ, "ಏನೂ ತಿಂದಿಲ್ಲ ತಾನೆ?" ರಾಯರಿಗೆ ಈ ವಿಷಯ ತಿಳಿದರೆ "ಇಲ್ಲಮ್ಮ" ಎನ್ನಲು ಬಾಯಿ ಬರುವುದಿಲ್ಲ. ಹದಿನಾಲ್ಕು ವರ್ಷ ಮೀನಿನ ಊರುಗಳಲ್ಲಿ ಹಸಿದುಕೊಂಡು ಉಳಿಸಿಕೊಂಡ ಮಾತು. ತಿಳಿಯದೇ ಇದ್ದರೆ ಆ ಒಂದು ಮಾತು ಉಳಿಯುತ್ತದೆ. ತಿಳಿಯಬಾರದು. ನಮ್ಮಜ್ಜಿಗೆ ಮಾಡಿದ್ದನ್ನು ಗಂಡನಿಗೂ ಮಾಡಲು ನಾನು ತಯಾರಿರಲಿಲ್ಲ.

ಆ ಕಾಲುಗಳನ್ನು ಮರಳಿನಲ್ಲಿ ಹೂತೆ.

"ಇಸ್ ಇಟ್ ಎ ಫಿಶ್?" ಎಂದಳು ಅಂಜು.

"ಫಿಶ್ ಅಲ್ಲ. ಫಿಶ್ ಥರ."

"ಶಲ್ ಐ ಟೆಲ್ ಅಪ್ಪ?"

"ಬೇಡ ಪುಟ್ಟಿ. ಅಪ್ಪಂಗೆ ಬೇಜಾರಾಗುತ್ತೆ."

ಅಂಜು ಸಮುದ್ರದ ಕಡೆ ನೋಡುತ್ತ ಸ್ವಲ್ಪ ಯೋಚಿಸಿದಳು. ಮೂಲೆಯ ಅಂಗಡಿಯಲ್ಲಿ ಪಿಸ್ತಾ ಐಸ್‌ಕ್ರೀಮ್ ಚೆನ್ನಾಗಿರುತ್ತದಂತೆ ಎಂದಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಹೀಗೆ ದಿನಕ್ಕೊಂದು ಐಸ್‌ಕ್ರೀಮಿನ ಒಪ್ಪಂದವಾಯಿತು. ಒಂಬತ್ತನೆಯ ದಿನ ಅದು ಗಾಳಿ ತುಂಬುವ ಹಸಿರು ಮೊಸಳೆಗೆ ಏರಿತು. ಕೊಡಿಸದೆ ಉಪಾಯವಿತ್ತೇ? ಇನ್ನು ನಾನು ಬಜ್ಜಿ ತಿನ್ನುವುದನ್ನು ನಿಲ್ಲಿಸಿದರೆ ರಾಯರು ಯಾಕೆ ಎನ್ನುತ್ತಾರೆ. ಹಾಗಾಗಿ ಅವರಿಗೆ ಅನುಮಾನ ಬಾರದಿರಲೆಂದು, ಕೇವಲ ಅದಕ್ಕಾಗಿ, ನಾನು ತಿನ್ನುತ್ತಲೇ ಹೋದೆ. ಪತಿವ್ರತೆಯರು ಗಂಡನಿಗಾಗಿ ಏನೇನೋ ಕಷ್ಟಪಟ್ಟಿದ್ದಾರೆ, ನನ್ನ ಪಾಲಿಗೆ ಬಂದದ್ದು ಇದು. ಪೊಟ್ಟಣ ಬಂದ ಕೂಡಲೇ "ಬಿಸಿಯಿದೆ, ತಾಳಿ" ಎಂದು ನಾನೇ ಇಸಿದುಕೊಂಡು, ಕಾಲಿರುವುದನ್ನೆಲ್ಲ ಆರಿಸಿ ತೆಗೆಯುತ್ತಿದ್ದೆ. ಎಸೆದರೆ ಕಾಣಿಸುತ್ತದಲ್ಲ, ಬಾಯಿಗೇ ಹಾಕಿಕೊಳ್ಳುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಕಾಲುಗಳೇ ಹೆಚ್ಚು ಗರಿಗರಿ.

ಆ ದಿನಗಳಲ್ಲಿ ರಾಯರಲ್ಲೂ ಕೆಲವು ಬದಲಾವಣೆ ಕಂಡೆ. ಈರುಳ್ಳಿಯ ಉಪನ್ಯಾಸ ನಿಂತಿತ್ತು. ಬೆಳಗಿನ ಸಮುದ್ರಸ್ನಾನ ಅರ್ಧ ಗಂಟೆಗೆ ಬೆಳೆದಿತ್ತು. ಮೂರು ಸಲ ಮುಳುಗಿದರೂ ಸಾಲದೆಂಬಂತೆ ಮತ್ತೆ ಮುಳುಗುತ್ತಿದ್ದರು. ಕೆಲವು ಸಲ ಪೊಟ್ಟಣವನ್ನು ನನಗಿಂತ ಮೊದಲು ಇಸಿದುಕೊಂಡು "ಬಿಸಿಯಿದೆ, ಊದಿ ಕೊಡ್ತೀನಿ" ಎಂದು ಅತ್ತ ತಿರುಗಿ ನಿಲ್ಲುತ್ತಿದ್ದರು. ಮಗಳ ಮೇಲಂತೂ ಪ್ರೀತಿ ಉಕ್ಕಿ, ದಿನಾ ಮಧ್ಯಾಹ್ನ ಕೈಹಿಡಿದು ಐಸ್‌ಕ್ರೀಮ್ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ರಜೆ ಎಂದರೆ ಹೀಗಿರಬೇಕು, ಗಂಡಸರಿಗೆ ದೇವರೂ ಮಕ್ಕಳೂ ನೆನಪಾಗುತ್ತಾರೆ ಎಂದು ನಾನು ಸಂತೋಷಪಟ್ಟೆ. ಲೆಕ್ಕದ ಟೀಚರು ನಾನು!

ಹನ್ನೆರಡು ದಿನ ಮುಗಿಯಿತು. ಸಿಸ್ಟರ್ ಐರಿನ್ ಕಣ್ಣೊರೆಸಿಕೊಂಡು ರೈಲು ಹತ್ತಿಸಿದರು. ರಾಯರ ಕಡೆ ನೋಡುವಾಗ ಮಾತ್ರ ತುಟಿ ಬಿಗಿಹಿಡಿದಿದ್ದರು, ಅಳು ತಡೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ವಿಮಾನದಲ್ಲಿ ನನಗೆ ನಿದ್ದೆಯಿಲ್ಲ. ಅತ್ತೆ ಕೇಳುತ್ತಾರೆ, ಇವರು "ಇಲ್ಲಮ್ಮ" ಎನ್ನುತ್ತಾರೆ, ಅಷ್ಟೇ ತಾನೆ, ಎರಡು ನಿಮಿಷ ಎಂದು ನನಗೆ ನಾನೇ ಹೇಳಿಕೊಂಡೆ. ಅಂಜುವಿನ ಕಿವಿಯಲ್ಲೂ ಎರಡು ಸಲ ಹೇಳಿದೆ.

ನೈರೋಬಿಯಲ್ಲಿ ಫೆಲಿಕ್ಸ್ ಕಾರು ತಂದಿದ್ದರು. ಮನೆ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಅತ್ತೆ ಬಾಗಿಲಿನಲ್ಲೇ ಇದ್ದರು. "ಅಯ್ಯೋ, ಮಕ್ಕಳು ಸುಟ್ಟ ಬದನೆಕಾಯಿ ಆಗಿದಾವಲ್ಲೇ!" ಎಂದು ಇಬ್ಬರನ್ನೂ ಅಪ್ಪಿಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತು ಕೇಳಿದರು.

"ಏನೂ ತಿಂದಿಲ್ಲ ತಾನೆ ಸೀನು?"

ರಾಯರು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಒಂದು ಬೂಟು ಆಯಿತು, ಇನ್ನೊಂದು ಆಯಿತು. ಏಳಲಿಲ್ಲ. ಅವರ ಕಿವಿ ನೋಡಿದೆ. ಕೆಂಪಾಗಿತ್ತು.

"ಕೇಳಿಸ್ಲಿಲ್ವೇನೋ?"

"ತಿಂದೆ ಅಮ್ಮ" ಎಂದರು, ನೆಲ ನೋಡುತ್ತ.

ಬಗ್ಗಿದವರು ಹಾಗೇ ಬಗ್ಗಿಕೊಂಡು ಎಲ್ಲ ಹೇಳತೊಡಗಿದರು. ಐದನೆಯ ದಿನ ಬಜ್ಜಿ ತಿಂದು ಬಂದ ಮೇಲೆ ಅವರು ಸಿಸ್ಟರ್ ಐರಿನ್ ಹತ್ತಿರ ಹೋಗಿ, ಈ ಊರಿನ ಈರುಳ್ಳಿಯ ಬೀಜ ಎಲ್ಲಿ ಸಿಗುತ್ತದೆ, ನೈವಾಶಾದಲ್ಲಿ ಹಾಕಿ ನೋಡಬೇಕು ಎಂದರಂತೆ. "ಯಾವ ಈರುಳ್ಳಿ?" ಎಂದರಂತೆ ಸಿಸ್ಟರ್. ಮೀಸೆಯವನ ಅಂಗಡಿಯದು ಎಂದಾಗ ಆಕೆ ನಕ್ಕು ನಕ್ಕು ಕುರ್ಚಿ ಹಿಡಿದು ಕೂತರಂತೆ. "ಅಯ್ಯೋ ದೇವರೇ, ಅದರಲ್ಲಿ ಎಂತ ಈರುಳ್ಳಿ ಉಂಟು! ಸಮುದ್ರದ್ದು ಅದು. ನೀವು ತಿನ್ನುದು ನೋಡಿ, ಹೊರಗೆ ನಿಮ್ಮ ವ್ರತಕ್ಕೆ ರಜೆಯೇನೋ ಅಂತ ನಾನು ಸುಮ್ಮನಿದ್ದೆ ಮಾರಾಯ್ರೆ." ಇಷ್ಟನ್ನೂ ರಾಯರು ತಾಯಿಯ ಪಾದಕ್ಕೆ ಹೇಳಿದರು. ಹಿಂದೆ ಪೆಟ್ಟಿಗೆ ಹೊತ್ತು ನಿಂತಿದ್ದ ಫೆಲಿಕ್ಸ್ ಪೆಟ್ಟಿಗೆ ಕೆಳಗಿಟ್ಟು ಕಾರಿನ ಹಿಂದೆ ಹೋಗಿ ಅವಿತುಕೊಂಡರು.

"ನಿಮಗೆ ಗೊತ್ತಿತ್ತಾ?" ಎಂದೆ, ನನಗೇ ತಿಳಿಯದೆ.

ರಾಯರು ಕತ್ತೆತ್ತಿದರು. "ನಿನಗೂ ಗೊತ್ತಿತ್ತಾ?"

ಇಬ್ಬರೂ ಒಟ್ಟಿಗೆ ಅಂಜುವಿನ ಕಡೆ ತಿರುಗಿದೆವು. ಅವಳು ಹೆಗಲ ಮೇಲಿದ್ದ ಗಾಳಿಯಿಲ್ಲದ ಮೊಸಳೆಯ ಬಾಲವನ್ನು ನೇವರಿಸುತ್ತಿದ್ದಳು. ಅಜ್ಜಿ ಅವಳ ಗಲ್ಲ ಹಿಡಿದೆತ್ತಿದರು. ಚೊಕ್ಕ ಕನ್ನಡ ಹೊರಬಿತ್ತು.

"ಅಪ್ಪಂಗೆ ಹೇಳಬೇಡ ಅಂತ ಅಮ್ಮ ಒಂದು ಐಸ್‌ಕ್ರೀಮ್ ಕೊಡಿಸ್ತಿದ್ರು ಅಜ್ಜಿ. ಅಮ್ಮಂಗೆ ಹೇಳಬೇಡ ಅಂತ ಅಪ್ಪ ಒಂದು ಕೊಡಿಸ್ತಿದ್ರು. ನಾನು ಯಾರಿಗೂ ಹೇಳಿಲ್ಲ."

"ನೀನು ಅಷ್ಟು ಖುಷಿಯಾಗಿ ತಿಂತಿದ್ದೆ ಸುಮಾ" ಎಂದರು ರಾಯರು. "ಹೇಳಿದ್ರೆ ನಿನ್ನ ರಜೆ ಹಾಳಾಗ್ತಿತ್ತು. ನಾನು ಬಿಟ್ರೆ ನಿನಗೆ ಅನುಮಾನ ಬರ್ತಿತ್ತು. ಅದಕ್ಕೇ ನಾನೂ..."

"ಸಾಕು" ಎಂದರು ಅತ್ತೆ. ಅವರ ಮುಖದಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ. "ಗೊತ್ತಿಲ್ದೆ ತಿಂದದ್ದು ಹಾಗಿರಲಿ. ಗೊತ್ತಾದ ಮೇಲೆ ಎಷ್ಟು ದಿನ ತಿಂದೆ?"

ರಾಯರು ಬೆರಳು ಮಡಿಚಿದರು. "ಏಳು ದಿನ ಅಮ್ಮ."

ಅತ್ತೆ ನನ್ನ ಕಡೆ ತಿರುಗಿದರು. "ನೀನು?"

ಗಂಡನನ್ನು ಕಾಪಾಡಲು ಹೊರಟಿದ್ದ ನಾನು ಸೆರಗಿನ ತುದಿ ಹಿಡಿದು ನಿಂತೆ. ಅವರಿಗಿಂತ ಒಂದು ದಿನ ಮೊದಲೇ ನನಗೆ ತಿಳಿದಿತ್ತಲ್ಲ.

"ಎಂಟು, ಅತ್ತೆ."

ತೀರ್ಪು ಅಲ್ಲೇ ಆಯಿತು. ಮಗನಿಗೆ ಏಳು ಶನಿವಾರ, ಸೊಸೆಗೆ ಎಂಟು ಶನಿವಾರ. ಬೆಳಿಗ್ಗೆ ಎದ್ದಾಗಿನಿಂದ ಸಂಜೆ ದೇವರ ದೀಪ ಹಚ್ಚುವವರೆಗೆ ಕಾಫಿ, ನೀರು ಬಿಟ್ಟು ಏನೂ ಬಾಯಿಗೆ ಹಾಕುವಂತಿಲ್ಲ. ಹೊರಗಿನವರಿಗೆ ಬಾಯಿ ಬಿಡುವಂತಿಲ್ಲ. ಹೇಳಿ ಅತ್ತೆ ಒಳಗೆ ಹೋದರು. ಅಡಿಗೆಮನೆಯಿಂದ ಅತ್ತೆ, ವಾಂಬುಯಿ ಇಬ್ಬರೂ ನಕ್ಕದ್ದು ಕೇಳಿಸಿತೆಂದು ರಾಯರು ಇಂದಿಗೂ ವಾದಿಸುತ್ತಾರೆ. ನನಗೆ ಕೇಳಿಸಲಿಲ್ಲ, ನನ್ನ ಕಿವಿಯಲ್ಲಿ ಎಂಟು ಎಂಟು ಎಂದು ಗುಂಯ್ಗುಡುತ್ತಿತ್ತು.

ಆ ಶನಿವಾರಗಳನ್ನು ಕೇಳಬೇಡಿ. ವಾರವೆಲ್ಲ ತಿಳಿಸಾರು ಮಾಡುವ ಅತ್ತೆಗೆ ಶನಿವಾರವೇ ವಾಂಗೀಭಾತ್ ನೆನಪಾಗುತ್ತಿತ್ತು. ಮಾವಿನಹಣ್ಣು ಸೀಕರಣೆಯಾಗುತ್ತಿತ್ತು. ಫೆಲಿಕ್ಸ್ ಸರಿಯಾಗಿ ಹನ್ನೆರಡೂವರೆಗೆ ಬಂದು "ಅಜ್ಜಿ, ಪರಿಮಳ ಕಿಲೆಲೆಶ್ವಾದವರೆಗೆ ಬಂತು" ಎಂದು ತಟ್ಟೆಯ ಮುಂದೆ ಕೂರುತ್ತಿದ್ದರು. ನಾವಿಬ್ಬರೂ ಅದನ್ನು ನೋಡಲಾರದೆ ಸೌತ್ ಸಿಯ ಬೀದಿಗಳಲ್ಲಿ ಸುತ್ತು ಹಾಕುತ್ತಿದ್ದೆವು. ಯಾರ ಮನೆಯ ಬೇಲಿ, ಯಾವ ಮಣ್ಣು, ಯಾವ ಗಿಡ ಎಲ್ಲ ಮುಗಿದ ಮೇಲೆ, ಮೀಸೆಯವನ ಬಾಣಲೆಯ ವಿಷಯಕ್ಕೆ ಬಂದು, ಬಾಯಲ್ಲಿ ನೀರು ಬಂದು, ನಾಚಿಕೆಯಾಗಿ, ಇಬ್ಬರೂ ನಗುತ್ತಿದ್ದೆವು. ಮದುವೆಯಾದ ಮೇಲೆ ನಾವು ಅಷ್ಟು ಮಾತಾಡಿದ್ದು ಅದೇ ಮೊದಲು.

ಎಂಟನೆಯ ಶನಿವಾರ ನನ್ನೊಬ್ಬಳದು. ಅತ್ತೆ ಬಿಸಿಬೇಳೆಭಾತ್ ಮಾಡಿದ್ದರು. ಮಕ್ಕಳು ಉಂಡೆದ್ದ ಮೇಲೆ ಮಗನ ತಟ್ಟೆಗೆ ಬಡಿಸಿ, ತುಪ್ಪ ಹಾಕಿ, ಕರೆದರು. ರಾಯರು ಬಂದು ತಟ್ಟೆಯನ್ನು ನೋಡಿದರು. ಕಿಟಕಿಯ ಹತ್ತಿರ ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನನ್ನು ನೋಡಿದರು.

"ಹಸಿವಿಲ್ಲಮ್ಮ" ಎಂದರು.

ಬೆಳಗಿನಿಂದ ಅವರು ಒಂದು ಬಿಸ್ಕತ್ತನ್ನೂ ಮುಟ್ಟಿರಲಿಲ್ಲ. ಅವರ ಹೊಟ್ಟೆ ಗುರುಗುಟ್ಟಿದ್ದು ಕಿಟಕಿಯ ಹತ್ತಿರ ನನಗೇ ಕೇಳಿಸಿತು, ಪಕ್ಕದಲ್ಲಿ ಸೌಟು ಹಿಡಿದು ನಿಂತವರಿಗೆ ಕೇಳಿಸದೆ ಇರುತ್ತದೆಯೇ? ಕಿವಿ ಎರಡೂ ಕೆಂಪಾಗಿತ್ತು. ಅತ್ತೆ ಆ ಕಿವಿಗಳನ್ನು ನೋಡಿದರು, ನನ್ನನ್ನು ನೋಡಿದರು, ತಟ್ಟೆಗೆ ಮತ್ತೊಂದು ತಟ್ಟೆ ಮುಚ್ಚಿ ಒಳಗೆ ಹೋದರು.

ಆವತ್ತು ನಮ್ಮ ಮನೆಯಲ್ಲಿ ದೇವರ ದೀಪ ಮಧ್ಯಾಹ್ನ ಎರಡು ಗಂಟೆಗೇ ಹತ್ತಿತು.